ಒಲೆ ಬದಲಾದರೂ ಮನೆ ಅದೇ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಇದ್ದಿಲಿನ ಕುಲುಮೆಯಿಂದ ಕೆಲಸ ಆರಂಭಿಸಿತು. ಮುಂದೆ ವಿದ್ಯುತ್ ಕುಲುಮೆಗಳು ಬಂದವು. ಒಲೆ ಬದಲಾದರೂ ಕಾರ್ಖಾನೆ ಅದೇ ಆಗಿತ್ತು. ಶಿವಮೊಗ್ಗದ ನಮ್ಮ ಮನೆಯ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋದಾಗ ನನಗೆ ಇದು ನೆನಪಾಯಿತು.

ಅದು ವಿಂಡೋಸ್ ಎಕ್ಸ್‌ಪಿಯ ಕಾಲ. ತಾಯಿಯವರು ಹೇಳುತ್ತಿದ್ದ ಹಾಡುಗಳನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚಿಸಿ ಇಟ್ಟಿದ್ದೆ. ಬೇರೆ ಪ್ರತಿ ಇರಲಿಲ್ಲ, ತಾಯಿಯವರೂ ಇರಲಿಲ್ಲ. ಅಂಗಡಿಯವರು, "ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕು" ಎಂದುಬಿಟ್ಟರು.

ಭದ್ರಾವತಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಪ್ಪಲಿಲ್ಲ. "ಮೇಷ್ಟ್ರೇ, ಹಾಡುಗಳಿರುವುದು ಹಾರ್ಡ್ ಡಿಸ್ಕಿನಲ್ಲಿ, ಬೋರ್ಡಿನಲ್ಲಲ್ಲ" ಎಂದ. ಮೊದಲು ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಹಾಡುಗಳ ಪ್ರತಿ ತೆಗೆದ. ಹೊಸ ಬೋರ್ಡಿಗೆ ಹಾಕಿದಾಗ ನೀಲಿ ಪರದೆ ಕಾಣಿಸಿತು. ಹೊಸ ಬೋರ್ಡಿನ ಡಿಸ್ಕ್ ನಿಯಂತ್ರಕಕ್ಕೆ ತಕ್ಕ ಡ್ರೈವರ್ ಹಳೆಯ ವ್ಯವಸ್ಥೆಯಲ್ಲಿ ಇರಲಿಲ್ಲವಂತೆ. ಸಿ.ಡಿ.ಯಿಂದ 'ರಿಪೇರ್' ಆಯ್ದಾಗ ವಿಂಡೋಸ್ ತನ್ನ ಕಡತಗಳನ್ನಷ್ಟೇ ಪುನಃ ಬರೆದುಕೊಂಡು ಹೊಸ ಯಂತ್ರಾಂಶವನ್ನು ಗುರುತಿಸಿತು. ನುಡಿಯೂ ಹಾಡುಗಳೂ ಇದ್ದಲ್ಲೇ ಇದ್ದವು. ಪರವಾನಗಿಯನ್ನು ಮಾತ್ರ ಮತ್ತೆ ಸಕ್ರಿಯಗೊಳಿಸಬೇಕಾಯಿತು.

2015ರಲ್ಲಿ ಬಂದ ವಿಂಡೋಸ್ 10 ಹೊಸ ಬೋರ್ಡನ್ನು ಸಾಮಾನ್ಯವಾಗಿ ತಾನೇ ಗುರುತಿಸಿಕೊಳ್ಳುತ್ತದೆ. ಆದರೂ ಮಕ್ಕಳೇ, ಆ ಹುಡುಗ ಕಲಿಸಿದ ಕ್ರಮವನ್ನು ಬಿಡಬೇಡಿ: ಮೊದಲು ಪ್ರತಿ, ಆಮೇಲೆ ರಿಪೇರಿ. ಅಂದು ನಾನೇ ವಿದ್ಯಾರ್ಥಿಯಾಗಿದ್ದೆ.