‘ಫ್ರಾನ್ಸ್’ ನೌಕೆ: ರಾಷ್ಟ್ರಾಭಿಮಾನದ ಒಂದು ಹಡಗು ಮತ್ತು ಅದನ್ನು ಕಟ್ಟಿದ ಊರು

1960ರ ಮೇ 11ರಂದು ಫ್ರಾನ್ಸಿನ ಅಟ್ಲಾಂಟಿಕ್ ಕರಾವಳಿಯ ಸೇಂಟ್ ನಜೇರ್ ಪಟ್ಟಣದಲ್ಲಿ ಅಧ್ಯಕ್ಷ ಶಾರ್ಲ್ ದ ಗಾಲ್ ಅವರ ಸಮ್ಮುಖದಲ್ಲಿ, ಅವರ ಪತ್ನಿ ಇವೋನ್ ದ ಗಾಲ್ ಅವರ ಹಸ್ತದಿಂದ ಒಂದು ಹಡಗಿನ ಜಲಾವತರಣ ನೆರವೇರಿತು. ಅದಕ್ಕೆ ದೇಶದ ಹೆಸರನ್ನೇ ಇಡಲಾಗಿತ್ತು. ಸುಮಾರು 316 ಮೀಟರ್ ಉದ್ದದ ‘ಫ್ರಾನ್ಸ್’ ಅಂದಿನ ಜಗತ್ತಿನ ಅತಿ ಉದ್ದದ ಪ್ರಯಾಣಿಕ ಹಡಗು. ಇಪ್ಪತ್ತು ವರ್ಷಗಳ ತರುವಾಯ ಅದೇ ಹಡಗು ‘ನಾರ್ವೆ’ ಎಂಬ ಹೆಸರಿನಲ್ಲಿ ಕೆರಿಬಿಯನ್ ದ್ವೀಪಗಳ ನಡುವೆ ವಿಹಾರ ನೌಕೆಯಾಗಿ ಸಂಚರಿಸತೊಡಗಿತು. ಕೊನೆಗೆ ಗುಜರಾತಿನ ಅಲಂಗ್ ಕಡಲತೀರದಲ್ಲಿ ಕಳಚಲ್ಪಟ್ಟಿತು. ಈ ಹಡಗನ್ನು ಕುರಿತ ಬರಹಗಳು ಸಾಮಾನ್ಯವಾಗಿ ಅದರ ವೈಭವವನ್ನೂ ಅವಸಾನವನ್ನೂ ವರ್ಣಿಸಿ ನಿಲ್ಲುತ್ತವೆ. ಅದನ್ನು ಕಟ್ಟಿದ ಕೈಗಳ ಚರಿತ್ರೆಯನ್ನು ಜೊತೆಗಿಟ್ಟು ನೋಡಿದರೆ, ರಾಷ್ಟ್ರಾಭಿಮಾನ ಎಂಬುದು ಧ್ವಜದಲ್ಲಿ ನೆಲೆಸಿತ್ತೇ, ಕಸುಬಿನಲ್ಲಿ ನೆಲೆಸಿತ್ತೇ ಎಂಬ ಪ್ರಶ್ನೆ ಎದುರಾಗುತ್ತದೆ.

ಫ್ರೆಂಚ್ ನೌಕಾನಿರ್ಮಾಣದ ಹೆಮ್ಮೆಯ ನೆಲೆಯೆನಿಸಿದ ಸೇಂಟ್ ನಜೇರ್‌ನ ವಿದ್ಯೆ ಮೂಲತಃ ಎರವಲಿನದು. 1861ರಲ್ಲಿ ಪೆರೇರ್ ಸಹೋದರರ ಹಡಗು ಸಂಸ್ಥೆಯು ಅಟ್ಲಾಂಟಿಕ್ ಅಂಚೆ ಸಾಗಣೆಯ ಗುತ್ತಿಗೆಯನ್ನು ಪಡೆದಾಗ, ತನ್ನ ಹಡಗುಗಳಲ್ಲಿ ಒಂದು ಪಾಲನ್ನು ಸ್ವದೇಶದಲ್ಲಿಯೇ ನಿರ್ಮಿಸಬೇಕಾಗಿತ್ತು. ಆದರೆ ಅಷ್ಟು ದೊಡ್ಡ ಕಬ್ಬಿಣದ ಹಡಗುಗಳನ್ನು ಕಟ್ಟುವ ಅನುಭವ ಅಲ್ಲಿ ಯಾರಿಗೂ ಇರಲಿಲ್ಲ. ಸ್ಕಾಟ್ಲೆಂಡಿನ ಗ್ರೀನಾಕ್‌ನಿಂದ ಜಾನ್ ಸ್ಕಾಟ್ ಎಂಬ ನಿರ್ಮಾಪಕನನ್ನು ಕರೆಸಲಾಯಿತು. ಅವನೊಡನೆ ಬಂದ ಕುಶಲಕರ್ಮಿಗಳ ಕೈಕೆಳಗೆ ಸುತ್ತಲಿನ ಜವುಗು ನಾಡಿನ ಜನರು ತಗಡು ಬಾಗಿಸುವುದನ್ನೂ ರಿವೆಟ್ ಬಡಿಯುವುದನ್ನೂ ಕಲಿತರು. ಪೆನ್ವೆ ಎಂಬಲ್ಲಿ ಸ್ಥಾಪಿತವಾದ ಈ ಹಡಗುಕಟ್ಟೆಯಿಂದ 1864ರಲ್ಲಿ ‘ಆಂಪೆರಾತ್ರೀಸ್ ಯುಜೆನಿ’ ಎಂಬ ನೌಕೆ ನೀರಿಗಿಳಿಯಿತು. ಸ್ಕಾಟ್‌ನ ಉದ್ಯಮ ಕೆಲವೇ ವರ್ಷಗಳಲ್ಲಿ ದಿವಾಳಿಯಾಯಿತು. ಅವನು ಬಿತ್ತಿದ ಕಸುಬು ಉಳಿಯಿತು.

1932ರಲ್ಲಿ ಇದೇ ಕಟ್ಟೆಯಿಂದ ನೀರಿಗಿಳಿದ ‘ನಾರ್ಮಂಡಿ’ಯ ವಿಷಯದಲ್ಲಿಯೂ ಇದನ್ನು ಕಾಣಬಹುದು. 1935ರ ತನ್ನ ಮೊದಲ ಯಾನದಲ್ಲಿಯೇ ವೇಗದ ದಾಖಲೆಯನ್ನು ಸ್ಥಾಪಿಸಿ ಫ್ರೆಂಚ್ ಪ್ರತಿಭೆಯ ಪ್ರತೀಕವೆನಿಸಿದ ಆ ಹಡಗಿನ ಒಡಲನ್ನು ರೂಪಿಸಿದವನು ಕ್ರಾಂತಿಯ ಬಳಿಕ ರಷ್ಯಾವನ್ನು ತೊರೆದು ಬಂದಿದ್ದ ವ್ಲಾದಿಮಿರ್ ಯುರ್ಕೆವಿಚ್. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಅದನ್ನು ಪೂರ್ಣಗೊಳಿಸಿದ್ದು ಸರ್ಕಾರದ ಹಣ. ಬ್ರಿಟನ್ನಿನ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಕ್ಲೈಡ್ ನದಿದಂಡೆಯಲ್ಲಿ 1931ರಲ್ಲಿ ಅರ್ಧಕ್ಕೆ ನಿಂತ ‘ಕ್ವೀನ್ ಮೇರಿ’ಯ ಕೆಲಸ ಸರ್ಕಾರದ ಸಾಲದ ನೆರವಿನಿಂದ 1934ರಲ್ಲಷ್ಟೇ ಪುನರಾರಂಭವಾಯಿತು. ಈ ಹಡಗುಗಳನ್ನು ಕೇವಲ ವಾಣಿಜ್ಯ ಸಾಹಸಗಳೆಂದು ಎಣಿಸುವುದು ಸರಿಯಾಗದು.

ನಾರ್ಮಂಡಿಗೆಂದು ನಿರ್ಮಿಸಿದ ಬೃಹತ್ ಒಣಗೋದಿಯು ಎರಡನೆಯ ಮಹಾಯುದ್ಧದಲ್ಲಿ ಊರಿಗೆ ಮುಳುವಾಯಿತು. ಜರ್ಮನಿಯ ‘ಟಿರ್ಪಿಟ್ಸ್’ ಯುದ್ಧನೌಕೆಗೆ ಅಲ್ಲಿ ಆಶ್ರಯ ದೊರೆಯಬಾರದೆಂದು ಬ್ರಿಟಿಷರು 1942ರ ಮಾರ್ಚಿಯಲ್ಲಿ ಸ್ಫೋಟಕಗಳನ್ನು ತುಂಬಿದ ಹಡಗೊಂದನ್ನು ಅದರ ದ್ವಾರಕ್ಕೆ ಡಿಕ್ಕಿ ಹೊಡೆಸಿ ಗೋದಿಯನ್ನು ನಿಷ್ಕ್ರಿಯಗೊಳಿಸಿದರು. ಅದಕ್ಕೆ ಕೆಲವೇ ವಾರಗಳ ಮೊದಲು ನಾರ್ಮಂಡಿಯು ನ್ಯೂಯಾರ್ಕಿನಲ್ಲಿ ಬೆಂಕಿಗೆ ಆಹುತಿಯಾಗಿತ್ತು. ಮುಂದಿನ ಬಾಂಬ್ ದಾಳಿಗಳಲ್ಲಿ ಪಟ್ಟಣದ ಬಹುಭಾಗ ನೆಲಸಮವಾಯಿತು. ಹೀಗೆ ಬೂದಿಯಿಂದೆದ್ದ ಊರಿಗೆ ‘ಫ್ರಾನ್ಸ್’ ಹಡಗಿನ ಕೆಲಸವು ಅನ್ನದ ಮಾತಾಗಿತ್ತು. ಪೆನ್ವೆ ಹಾಗೂ ಲ್ವಾರ್ ಕಟ್ಟೆಗಳು 1955ರಲ್ಲಿ ಒಂದಾಗಿ ‘ಶಾಂತಿಯೇ ದ ಲ’ಅಟ್ಲಾಂಟಿಕ್’ ಸಂಸ್ಥೆಯಾದವು. ಅದೇ ವರ್ಷ ಕೂಲಿಯ ಪ್ರಶ್ನೆಯ ಮೇಲೆ ಅಲ್ಲಿ ತೀವ್ರ ಮುಷ್ಕರ ನಡೆದಿತ್ತೆಂಬುದನ್ನೂ ಗಮನಿಸಬೇಕು. ಹಡಗಿನ ಗುತ್ತಿಗೆಗೆ ಸಹಿಯಾದುದು 1956ರಲ್ಲಿ, ಅಂದರೆ ದ ಗಾಲ್ ಮರಳಿ ಅಧಿಕಾರಕ್ಕೆ ಬರುವ ಎರಡು ವರ್ಷ ಮೊದಲು. ಅದನ್ನು ‘ದ ಗಾಲ್‌ನ ಹಡಗು’ ಎನ್ನುವ ರೂಢಿ ಅರ್ಧಸತ್ಯವಷ್ಟೇ.

ಹಡಗು ಹುಟ್ಟಿದಾಗಲೇ ಅದರ ಕಾಲ ಮುಗಿಯುತ್ತಿತ್ತು. 1958ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನ ಸೇವೆ ಆರಂಭವಾಗಿತ್ತು. ಐದು ದಿನಗಳ ಪಯಣ ಕೆಲವು ಗಂಟೆಗಳಿಗೆ ಇಳಿದಿತ್ತು. 1962ರ ಫೆಬ್ರವರಿಯಲ್ಲಿ ಲ ಹಾವ್ರ್ ಬಂದರಿನಿಂದ ನ್ಯೂಯಾರ್ಕಿಗೆ ಹೊರಟ ‘ಫ್ರಾನ್ಸ್’ ಸುಮಾರು 2,000 ಪ್ರಯಾಣಿಕರನ್ನು ಒಯ್ಯಬಲ್ಲದಾಗಿತ್ತು. ಅವರ ಸೇವೆಗೆ ಸಾವಿರಕ್ಕೂ ಮಿಕ್ಕ ಸಿಬ್ಬಂದಿ. ಅದೇ ವರ್ಷದ ಡಿಸೆಂಬರಿನಲ್ಲಿ ‘ಮೊನಾಲಿಸಾ’ ಚಿತ್ರವನ್ನು ಅಮೆರಿಕಕ್ಕೆ ಸಾಗಿಸಿದ್ದೂ ಈ ಹಡಗೇ. ರಾಷ್ಟ್ರದ ರಾಯಭಾರಿಯೆಂಬ ಪಾತ್ರವನ್ನು ಅದು ಸಮರ್ಥವಾಗಿ ನಿರ್ವಹಿಸಿತು; ಲಾಭವನ್ನು ಮಾತ್ರ ತರಲಿಲ್ಲ. ಉತ್ತರ ಅಟ್ಲಾಂಟಿಕ್‌ನ ಚಳಿಗಾಳಿಗೆ ಹೊಂದುವಂತೆ ಮುಚ್ಚಿ ಕಟ್ಟಿದ್ದ ಒಡಲು ಉಷ್ಣವಲಯದ ವಿಹಾರಕ್ಕೆ ಒಗ್ಗದು. ಪನಾಮಾ ಕಾಲುವೆಯಲ್ಲಿ ನುಸುಳಲಾರದು. 1973ರ ತೈಲ ಬಿಕ್ಕಟ್ಟಿನಲ್ಲಿ ಇಂಧನದ ಬೆಲೆ ಹಲವು ಪಟ್ಟು ಏರಿದ ಮೇಲೆ, 1974ರಲ್ಲಿ ಅಧ್ಯಕ್ಷ ಜಿಸ್ಕಾರ್ ದೆಸ್ತ್ಯಾಂ ಅವರ ಸರ್ಕಾರವು ಸಹಾಯಧನವನ್ನು ನಿಲ್ಲಿಸಲು ನಿರ್ಧರಿಸಿತು. ಸೆಪ್ಟೆಂಬರಿನಲ್ಲಿ ಹಡಗಿನ ಸಿಬ್ಬಂದಿಯೇ ಅದನ್ನು ವಶಪಡಿಸಿಕೊಂಡು ಲ ಹಾವ್ರ್ ಬಂದರಿನ ಪ್ರವೇಶಮಾರ್ಗದಲ್ಲಿ ಲಂಗರು ಹಾಕಿದರು. ಕೆಲವು ವಾರಗಳ ಬಳಿಕ ಹೋರಾಟ ಮುಗಿಯಿತು. ಅನಂತರದ ವರ್ಷಗಳನ್ನು ಹಡಗು ಆ ಬಂದರಿನ ಒಂದು ಮೂಲೆಯಲ್ಲಿ ಕಳೆಯಿತು. ಜನರು ಆ ಕಟ್ಟೆಯನ್ನು ‘ಮರೆವಿನ ಕಟ್ಟೆ’ ಎಂದು ಕರೆದರು. 1975ರಲ್ಲಿ ಮಿಶೆಲ್ ಸಾರ್ದು ಹಾಡಿದ, ಈ ಹಡಗಿನ ಹೆಸರನ್ನೇ ಹೊತ್ತ ಗೀತೆ ದೇಶದಾದ್ಯಂತ ಜನಪ್ರಿಯವಾಯಿತು. ಹಡಗಿನಲ್ಲಿ ಪಯಣಿಸುವ ಯೋಗವಿಲ್ಲದ ಜನರೂ ಅದನ್ನು ತಮ್ಮದೆಂದು ಭಾವಿಸಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

1979ರಲ್ಲಿ ನಾರ್ವೆಯ ಕ್ನುಟ್ ಕ್ಲೋಸ್ಟರ್ ಅದನ್ನು ಕೊಂಡನು. ಜರ್ಮನಿಯ ಬ್ರೆಮರ್‌ಹಾವೆನ್‌ನಲ್ಲಿ ಅದನ್ನು ವಿಹಾರ ನೌಕೆಯಾಗಿ ಮಾರ್ಪಡಿಸಲಾಯಿತು. ನಾಲ್ಕು ಪ್ರೊಪೆಲರ್‌ಗಳಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡು, ವೇಗವನ್ನು ತಗ್ಗಿಸಿ, ಇಂಧನದ ವೆಚ್ಚವನ್ನು ಇಳಿಸಲಾಯಿತು. ರಾಷ್ಟ್ರದ ಮಾನಕ್ಕಾಗಿ ಅಳವಡಿಸಿದ್ದ ವೇಗವು ವಿಹಾರಕ್ಕೆ ಹೊರೆಯಾಗಿತ್ತು. 1980ರಿಂದ ಮಯಾಮಿಯನ್ನು ನೆಲೆಯಾಗಿಸಿಕೊಂಡ ಈ ನೌಕೆ, ಹಡಗೇ ಪ್ರವಾಸದ ತಾಣವಾಗಬಲ್ಲದು ಎಂಬುದನ್ನು ಉದ್ಯಮಕ್ಕೆ ತೋರಿಸಿಕೊಟ್ಟಿತು. ಅದರ ಬೆನ್ನಿಗೆ ಬಂದ ಬೃಹತ್ ವಿಹಾರ ನೌಕೆಗಳಲ್ಲಿ ಮೊದಲನೆಯದಾದ ‘ಸಾವರಿನ್ ಆಫ್ ದ ಸೀಸ್’ 1987ರಲ್ಲಿ ಸಿದ್ಧವಾದುದು ಎಲ್ಲಿಯೋ ಅಲ್ಲ, ಸೇಂಟ್ ನಜೇರ್‌ನಲ್ಲಿಯೇ. ದೇಶವು ಹಡಗನ್ನು ಕೈಬಿಟ್ಟಿತು. ಹಡಗು ಬೆಳೆಸಿದ ಮಾರುಕಟ್ಟೆಯು ಅದರ ತವರಿನ ಕಟ್ಟೆಗೆ ಕೆಲಸ ತಂದಿತು.

‘ಫ್ರಾನ್ಸ್’ ಹಡಗಿನ ಉದ್ದದ ದಾಖಲೆಯನ್ನು ಮುರಿದ 345 ಮೀಟರ್‌ಗಳ ‘ಕ್ವೀನ್ ಮೇರಿ 2’ ಕೂಡ ಅಲ್ಲಿಯದೇ. ಬ್ರಿಟಿಷ್ ಅಭಿಮಾನದ ಆ ಹಡಗಿಗೆ 2004ರ ಜನವರಿಯಲ್ಲಿ ಸೌತಾಂಪ್ಟನ್ನಿನಲ್ಲಿ ರಾಣಿ ಎರಡನೆಯ ಎಲಿಜಬೆತ್ ನಾಮಕರಣ ಮಾಡಿದರು. ಕ್ಲೈಡ್‌ನ ಕಟ್ಟೆಗಳು ಅಂತಹ ಹಡಗನ್ನು ಕಟ್ಟುವ ಶಕ್ತಿಯನ್ನು ಅಷ್ಟರಲ್ಲಿ ಕಳೆದುಕೊಂಡಿದ್ದವು. ನೂರ ನಲವತ್ತು ವರ್ಷಗಳ ಹಿಂದೆ ಸ್ಕಾಟರಿಂದ ಪಡೆದ ವಿದ್ಯೆ ಹೀಗೆ ಬ್ರಿಟನ್ನಿಗೇ ಸಂದಿತು. ಉಪಗುತ್ತಿಗೆಯ ಮೂಲಕ ಆ ಕಟ್ಟೆಗೆ ಬಂದಿದ್ದವರಲ್ಲಿ ಭಾರತೀಯ ಕಾರ್ಮಿಕರೂ ಇದ್ದರು. ವೇತನ ಬಾಕಿಗಾಗಿ 2003ರಲ್ಲಿ ಅವರು ಮುಷ್ಕರ ಹೂಡಬೇಕಾಯಿತು. ಅದೇ ವರ್ಷದ ನವೆಂಬರ್ 15ರಂದು ಸಿದ್ಧಗೊಳ್ಳುತ್ತಿದ್ದ ಹಡಗನ್ನು ನೋಡಲು ಬಂದಿದ್ದವರ ಭಾರಕ್ಕೆ ಏರುಸೇತುವೆ ಕುಸಿದು 16 ಮಂದಿ ಮಡಿದರು. ಅವರಲ್ಲಿ ಹಲವರು ಕಾರ್ಮಿಕರ ಬಂಧುಗಳು, ತಮ್ಮವರ ಕೆಲಸವನ್ನು ಕಣ್ಣಾರೆ ಕಾಣಲು ಬಂದವರು. ಹದಿನಾಲ್ಕು ವರ್ಷಗಳ ಬಳಿಕ, 2017ರಲ್ಲಿ, ಕಟ್ಟೆಯ ಆಡಳಿತವು ಇಟಲಿಯ ಫಿಂಕಾಂತಿಯೇರಿ ಸಂಸ್ಥೆಯ ಕೈಸೇರುವ ಸಂದರ್ಭ ಬಂದಾಗ ಫ್ರೆಂಚ್ ಸರ್ಕಾರ ಅದನ್ನು ತಾತ್ಕಾಲಿಕವಾಗಿ ರಾಷ್ಟ್ರೀಕರಿಸಿತು. ಆ ಒಪ್ಪಂದ 2021ರಲ್ಲಿ ಪೂರ್ತಿಯಾಗಿ ಮುರಿದುಬಿತ್ತು. 1974ರಲ್ಲಿ ಹಡಗನ್ನು ಉಳಿಸಿಕೊಳ್ಳಲೊಪ್ಪದ ಪ್ರಭುತ್ವವು ಈ ಬಾರಿ ಕಸುಬನ್ನು ಉಳಿಸಿಕೊಳ್ಳಲು ಮುಂದಾಯಿತೆಂಬುದು ಗಮನಾರ್ಹ.

‘ನಾರ್ವೆ’ಯ ಅಂತ್ಯ ದಾರುಣವಾದುದು. 2003ರ ಮೇ 25ರಂದು ಮಯಾಮಿಯಲ್ಲಿ ಬಾಯ್ಲರ್ ಸ್ಫೋಟಿಸಿ 8 ಮಂದಿ ಸಿಬ್ಬಂದಿ ಅಸುನೀಗಿದರು. ಮತ್ತೆಂದೂ ಪ್ರಯಾಣಿಕರನ್ನು ಹೊರದ ಹಡಗು ಜರ್ಮನಿ, ಮಲೇಷ್ಯಾಗಳ ಮೂಲಕ ‘ಬ್ಲೂ ಲೇಡಿ’ ಎಂಬ ಹೆಸರು ಹೊತ್ತು 2006ರಲ್ಲಿ ಅಲಂಗ್ ತಲುಪಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕಲ್ನಾರಿನ ವಿವಾದದ ಕಾರಣ ‘ಕ್ಲೆಮಾನ್ಸೊ’ ಯುದ್ಧನೌಕೆಯನ್ನು ಅಲಂಗ್‌ನ ದಾರಿಯಿಂದ ಫ್ರಾನ್ಸ್ ಹಿಂದಕ್ಕೆ ಕರೆಸಿಕೊಂಡಿತ್ತು. ‘ಬ್ಲೂ ಲೇಡಿ’ಯ ಒಡಲಲ್ಲಿಯೂ ಕಲ್ನಾರು ಹೇರಳವಾಗಿತ್ತು. ಆದರೆ ಅದರ ಮೇಲೆ ಆಗ ಫ್ರೆಂಚ್ ಧ್ವಜವಿರಲಿಲ್ಲ. ವಿವಾದ ಭಾರತದ ಸರ್ವೋಚ್ಚ ನ್ಯಾಯಾಲಯದಲ್ಲಿ ವಿಚಾರಣೆಗೆ ಬಂದು, 2007ರ ಸೆಪ್ಟೆಂಬರಿನಲ್ಲಿ ಕಳಚಲು ಅನುಮತಿ ದೊರೆಯಿತು. ಭರತದ ನೀರಿನಲ್ಲಿ ದಡಕ್ಕೇರಿಸಿದ್ದ ಹಡಗನ್ನು ಅಲಂಗ್‌ನ ಕಾರ್ಮಿಕರು ಗ್ಯಾಸ್ ಕಟ್ಟರ್‌ಗಳಿಂದ ತುಂಡುತುಂಡಾಗಿ ಕತ್ತರಿಸಿದರು. ಮುಂಗೋಟಿನ ತುದಿಯನ್ನು ಮಾತ್ರ ಉಳಿಸಿ ಫ್ರಾನ್ಸಿಗೆ ಒಯ್ಯಲಾಯಿತು. 2009ರಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಾದ ಆ ತುಂಡನ್ನು 2018ರಲ್ಲಿ ಲ ಹಾವ್ರ್ ಬಂದರಿನ ದಂಡೆಯ ಮೇಲೆ ನಿಲ್ಲಿಸಲಾಯಿತು.