ಗರಗಸದ ಬೆಟ್ಟದ ಪುಸ್ತಕಗಳು

ಬಾರ್ಸಿಲೋನಾದಿಂದ ವಾಯವ್ಯಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಬಯಲಿನ ನಡುವೆ ಥಟ್ಟನೆ ಒಂದು ಬೆಟ್ಟಸಾಲು ಏಳುತ್ತದೆ. ಹೊಳೆಯ ಉಂಡೆಗಲ್ಲುಗಳೆಲ್ಲ ಒಂದಕ್ಕೊಂದು ಅಂಟಿ ಆದ ಬಂಡೆ ಅದು. ಗಾಳಿ ಮಳೆಗೆ ಸವೆದು ಸವೆದು ಸಾಲು ಬೆರಳುಗಳಂತೆ ನಿಂತಿದೆ. ದೂರದಿಂದ ನೋಡಿದವರಿಗೆ ಗರಗಸದ ಹಲ್ಲಿನಂತೆ ಕಂಡಿರಬೇಕು, ಅದಕ್ಕೇ ಮೊನ್ಸೆರಾತ್, ಅಂದರೆ ಗರಗಸದ ಬೆಟ್ಟ, ಎಂದು ಹೆಸರು. ನೆತ್ತಿ 1236 ಮೀಟರ್. ಅದರ ಸೊಂಟದ ಎತ್ತರದಲ್ಲಿ, ಬಂಡೆಗೆ ಬೆನ್ನು ಕೊಟ್ಟು ಕೂತಂತೆ, ಬೆನೆಡಿಕ್ಟೈನ್ ಸಂನ್ಯಾಸಿಗಳ ಮಠವಿದೆ. ರಿಪೋಲ್ ಮಠದ ಅಧಿಪತಿ ಒಲಿಬಾ ಇದನ್ನು ಸ್ಥಾಪಿಸಿದ್ದು 1025ರ ಸುಮಾರಿಗೆ. 2025ರಲ್ಲಿ ಸಾವಿರ ವರ್ಷದ ಆಚರಣೆಯೂ ಆಯಿತು.

ವಿಚಾರಸಂಕಿರಣವೊಂದಕ್ಕೆ ಬಾರ್ಸಿಲೋನಾಕ್ಕೆ ಹೋಗಿದ್ದ ನನಗೆ ಒಂದು ಬೆಳಗು ಬಿಡುವು ಸಿಕ್ಕಿತ್ತು. ಅರ್ಧ ದಿನದ ಪ್ರವಾಸದ ಬಸ್ಸು ಹತ್ತಿದೆ. ಇಂಥ ಪ್ರವಾಸದ ಕ್ರಮ ಎಲ್ಲ ಕಡೆಯೂ ಒಂದೇ. ಬೆಳಿಗ್ಗೆ ಬಸ್ಸು, ಬೆಟ್ಟದ ಬುಡದಿಂದ ಹಲ್ಲುಗಾಲಿಯ ರೈಲು, ಮೇಲೆ ಎರಡೂವರೆ ತಾಸು, ಮಧ್ಯಾಹ್ನದ ಊಟಕ್ಕೆ ಊರಿಗೆ ವಾಪಸ್ಸು. ಅಷ್ಟರೊಳಗೆ ಮಾರ್ಗದರ್ಶಿ ಸಾವಿರ ವರ್ಷವನ್ನು ಹೇಳಿ ಮುಗಿಸಬೇಕು. ನಮ್ಮ ಮಾರ್ಗದರ್ಶಿ ನನಗಿಂತ ಒಂದೆರಡು ವರ್ಷ ಚಿಕ್ಕವಳಿರಬಹುದು. ಚುರುಕಾಗಿ ಮೂರು ಕಥೆ ಹೇಳಿದಳು: ಕಪ್ಪು ಮಾತೆಯ ಕಥೆ, ಹಾಡುವ ಹುಡುಗರ ಕಥೆ, ಹಿಮ್ಲರನ ಕಥೆ. ಮೂರೂ ನಿಜವೇ. ಆದರೆ ಮೂರನ್ನೂ ಹೇಳುವ ಕ್ರಮದಲ್ಲಿ ಏನೋ ಬಿಟ್ಟುಹೋಗುತ್ತಿದೆ ಅನ್ನಿಸಿತು. ಬಿಟ್ಟುಹೋಗುತ್ತಿದ್ದದ್ದು ಪುಸ್ತಕಗಳು. ನನ್ನ ಸಂಶೋಧನೆಯ ವಿಷಯ ಕನ್ನಡದ ಹಳೆಯ ನಿಯತಕಾಲಿಕೆಗಳು. ಹಾಗಾಗಿ ನನ್ನ ಕಣ್ಣು ಅತ್ತಲೇ ಹೋಗಿದ್ದರೆ ಆಶ್ಚರ್ಯವಿಲ್ಲ.

ಕಪ್ಪು ಮಾತೆ ಎಂದರೆ ಮರದಲ್ಲಿ ಕೆತ್ತಿದ ಮೇರಿಯ ಮೂರ್ತಿ. ಕಾಲ 12ನೇ ಶತಮಾನದ ಕೊನೆ. ಬಣ್ಣ ಕಪ್ಪಾದ್ದರಿಂದ ಕತಲಾನರು ಅವಳನ್ನು ಮುದ್ದಿನಿಂದ ಮೊರೆನೆತಾ ಎನ್ನುತ್ತಾರೆ, ಕರಿಯಮ್ಮ ಅಂದಂತೆ. ಗಾಜಿನ ಹಿಂದೆ ಕೂತವಳ ಕೈಯೊಳಗಿನ ಗೋಳ ಮಾತ್ರ ಹೊರಗೆ ಚಾಚಿದೆ. ಸಾಲಿನಲ್ಲಿ ಬಂದವರು ಅದನ್ನು ಮುಟ್ಟಿ ಮುಂದೆ ಸರಿಯಬೇಕು. ಸಾಲು ಉದ್ದವಿತ್ತು. ಮುಟ್ಟುವುದಕ್ಕೆ ಎರಡು ಸೆಕೆಂಡು.

ಯಾತ್ರಿಕರ ಗದ್ದಲ ಇಲ್ಲಿ ಹೊಸದಲ್ಲ. 1399ರಲ್ಲಿ ಬರೆಯಲು ತೊಡಗಿದ ಒಂದು ಹಸ್ತಪ್ರತಿ ಈ ಮಠದಲ್ಲಿದೆ. ಅದರಲ್ಲಿ ಹತ್ತು ಹಾಡುಗಳಿವೆ. ಲ್ಯಾಟಿನ್ ಇದೆ, ಕತಲಾನ್ ಇದೆ, ಒಕ್ಸಿತಾನ್ ಇದೆ. ಕೆಲವು ಸುತ್ತು ಕಟ್ಟಿ ಕುಣಿಯಲೆಂದೇ ಬರೆದವು. ಯಾಕೆ ಬರೆದರು ಎಂಬುದನ್ನೂ ಬರೆದವರೇ ಹೇಳಿದ್ದಾರೆ. ರಾತ್ರಿ ಜಾಗರಣೆಗೆ ಬಂದ ಯಾತ್ರಿಕರು ಗುಡಿಯೊಳಗೆ ಹಾಡಲು, ಹಗಲು ಅಂಗಳದಲ್ಲಿ ಕುಣಿಯಲು ಬಯಸುತ್ತಾರಂತೆ. ಬೇಡ ಎಂದರೆ ಕೇಳುವವರಲ್ಲ. ಹಾಗಿದ್ದ ಮೇಲೆ ಸಭ್ಯವಾದ ಹಾಡನ್ನಾದರೂ ಹಾಡಲಿ ಎಂದು ಮಠವೇ ಹಾಡು ಒದಗಿಸಿತು. ಜನರ ಕುಣಿತಕ್ಕೆ ಸೋತ ಸಂನ್ಯಾಸಿಗಳ ಈ ಜಾಣತನ ನನಗೆ ಬಹಳ ಹಿಡಿಸಿತು.

ಆ ಹಸ್ತಪ್ರತಿ ಉಳಿದದ್ದೇ ಒಂದು ಕಥೆ. 1806ರಲ್ಲಿ ಲಿಯೋದ ಮಾರ್ಕಿಸ್ ಎಂಬ ವಿದ್ಯಾವ್ಯಸನಿ ಶ್ರೀಮಂತನೊಬ್ಬ ಓದಲೆಂದು ಅದನ್ನು ಮಠದಿಂದ ಎರವಲು ಪಡೆದ. 1811 ಮತ್ತು 1812ರಲ್ಲಿ ನೆಪೋಲಿಯನ್ನನ ಸೈನ್ಯ ಬೆಟ್ಟ ಹತ್ತಿ ಮಠವನ್ನು ಸುಟ್ಟಿತು, ಸಿಡಿಸಿತು. ಶತಮಾನಗಳ ಗ್ರಂಥಭಂಡಾರ ಬೂದಿಯಾಯಿತು. ಎರವಲು ಹೋಗಿದ್ದ ಪುಸ್ತಕ ಮಾತ್ರ ಬದುಕಿತು. ಅದು ಮಠಕ್ಕೆ ಮರಳಿದ್ದು 1885ರಲ್ಲಿ. 19ನೇ ಶತಮಾನದಲ್ಲಿ ಕೆಂಪು ಮಖಮಲ್ಲಿನ ರಟ್ಟು ಹಾಕಿದ್ದರಿಂದ ಅದಕ್ಕೀಗ ‘ಕೆಂಪು ಪುಸ್ತಕ’ ಎಂದೇ ಹೆಸರು. ಪುಸ್ತಕ ಒಯ್ದು ಹಿಂದಿರುಗಿಸದ ನನ್ನ ಸ್ನೇಹಿತರಿಗೆಲ್ಲ ಈ ಕಥೆಯನ್ನು ಹೇಳಲು ನನಗೆ ಸ್ವಲ್ಪ ಭಯ.

ಅಚ್ಚಿನ ಕೆಲಸವೂ ಇಲ್ಲಿ ಹಳೆಯದು. 1499ರಲ್ಲಿ ಯೋಹಾನ್ ಲುಷ್ನರ್ ಎಂಬ ಜರ್ಮನ್ ಮುದ್ರಕ ಬೆಟ್ಟದ ಮೇಲೆ ಯಂತ್ರ ಹೂಡಿದ. ಮಠಾಧಿಪತಿ ಗಾರ್ಸಿಯಾ ದೆ ಸಿಸ್ನೆರೋಸ್ ಬರೆದ ಧ್ಯಾನಸಾಧನೆಯ ಕೈಪಿಡಿ ಇಲ್ಲಿ ಅಚ್ಚಾಯಿತು. ಜೊತೆಗೆ ಪಾಪವಿಮೋಚನೆಯ ಪತ್ರಗಳೂ ಲಕ್ಷಕ್ಕೂ ಹೆಚ್ಚು ಅಚ್ಚಾದವು. ಯಂತ್ರಕ್ಕೆ ಎರಡೂ ಒಂದೇ.

ಇನ್ನು ಹಿಮ್ಲರನ ಕಥೆ. ಮಾರ್ಗದರ್ಶಿ ಇದನ್ನು ಹೇಳುವಾಗ ಬಸ್ಸಿನ ತುಂಬ ನಗು. 1940ರ ಅಕ್ಟೋಬರ್ 23ರಂದು ನಾಜಿ ಪೊಲೀಸ್ ಪಡೆಗಳ ಮುಖ್ಯಸ್ಥ ಹೈನ್ರಿಕ್ ಹಿಮ್ಲರ್ ಇಲ್ಲಿಗೆ ಬಂದಿದ್ದ. ಕ್ರಿಸ್ತನ ಕೊನೆಯ ಊಟದ ಪವಿತ್ರ ಬಟ್ಟಲು ಈ ಬೆಟ್ಟದಲ್ಲಿ ಅಡಗಿದೆಯೆಂಬ ಭ್ರಮೆ ಅವನ ತಲೆಗೆ ಹೊಕ್ಕಿತ್ತು. ಜರ್ಮನ್ ಬಲ್ಲ ಸಂನ್ಯಾಸಿಯೊಬ್ಬರನ್ನು ಅವನ ಜೊತೆ ಕಳಿಸಿದರು. ಬಟ್ಟಲು ಸಿಗಲಿಲ್ಲ. ಕಥೆ ಇಲ್ಲಿಗೆ ಮುಗಿಯುತ್ತದೆ, ಪ್ರವಾಸಿಗರು ಫೋಟೋ ತೆಗೆಯಲು ಇಳಿಯುತ್ತಾರೆ.

ಆ ದಿನಾಂಕದ ಹಿಂದಕ್ಕೆ ಎಂಟು ದಿನ ಸರಿದರೆ ನಗು ನಿಲ್ಲುತ್ತದೆ. ಅಂತರ್ಯುದ್ಧದಲ್ಲಿ ಸೋತು ಫ್ರಾನ್ಸಿಗೆ ಹೋಗಿದ್ದ ಕತಲೂನ್ಯಾದ ಅಧ್ಯಕ್ಷ ಯೂಯಿಸ್ ಕೊಂಪಾನಿಸ್‌ನನ್ನು 1940ರ ಆಗಸ್ಟಿನಲ್ಲಿ ಜರ್ಮನ್ನರು ಹಿಡಿದು ಫ್ರಾಂಕೋನ ಕೈಗೆ ಒಪ್ಪಿಸಿದರು. ಅಕ್ಟೋಬರ್ 15ರಂದು ಬಾರ್ಸಿಲೋನಾದ ಮೊಂಜುಯಿಕ್ ಕೋಟೆಯಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಎಂಟನೆಯ ದಿನ ಹಿಮ್ಲರ್ ಅದೇ ನಾಡಿನ ಪವಿತ್ರ ಬೆಟ್ಟದಲ್ಲಿ ಅತಿಥಿ. ಫ್ರಾನ್ಸಿನಲ್ಲಿದ್ದ ಸಾವಿರಾರು ಸ್ಪೇನ್ ನಿರಾಶ್ರಿತರು ಮೌಟ್‌ಹೌಸೆನ್ ಶಿಬಿರಕ್ಕೆ ಸಾಗುತ್ತಿದ್ದ ಕಾಲವೂ ಅದೇ. ಈ ಜನರ ಕಥೆಯನ್ನು ಬದುಕಿ ಬಂದವರಿಂದಲೇ ಕೇಳಿ 1977ರಲ್ಲಿ ಪುಸ್ತಕ ಮಾಡಿದ ಕತಲಾನ್ ಲೇಖಕಿಯ ಹೆಸರು ಮೊನ್ಸೆರಾತ್ ರೋಯಿಗ್. ಬೆಟ್ಟದ ಹೆಸರನ್ನೇ ಹೆಣ್ಣುಮಕ್ಕಳಿಗೆ ಇಡುವುದು ಅಲ್ಲಿನ ರೂಢಿ.

ಅಂಥ ಅತಿಥಿಗೆ ಮಠ ಬಾಗಿಲು ತೆರೆದದ್ದೇಕೆ? ಸುಲಭದ ಉತ್ತರವಿಲ್ಲ. 1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಫ್ರಾಂಕೋನ ವಿರೋಧಿಗಳಾದ ಗಣರಾಜ್ಯದ ಕಡೆಯ ಪ್ರದೇಶಗಳಲ್ಲಿ ಚರ್ಚುಗಳು ಉರಿದವು. ಕತಲಾನ್ ಸರಕಾರ ಮಠದ ಕಟ್ಟಡವನ್ನು, ಗ್ರಂಥಾಲಯವನ್ನು ತನ್ನ ವಶಕ್ಕೆ ತೆಗೆದುಕೊಂಡು ಉಳಿಸಿತು. ಅದು ಸೈನಿಕರ ಆಸ್ಪತ್ರೆಯಾಯಿತು. ಆದರೆ ಚದುರಿಹೋದ ಸಂನ್ಯಾಸಿಗಳಲ್ಲಿ 23 ಮಂದಿ ಕೊಲೆಯಾದರು. 1939ರಲ್ಲಿ ಮರಳಿ ಬಂದವರಿಗೆ ಫ್ರಾಂಕೋ ರಕ್ಷಕನಂತೆ ಕಂಡಿದ್ದರೆ ಅದನ್ನು ಅರ್ಥಮಾಡಿಕೊಳ್ಳಬಹುದು. 1940ರ ದಶಕದಲ್ಲಿ ಅವನು ಬಂದಾಗ ದೇವರಿಗೆ ಹಿಡಿಯುವ ಮೇಲ್ಕಟ್ಟನ್ನು ಅವನ ತಲೆಯ ಮೇಲೆ ಹಿಡಿದು ಬರಮಾಡಿಕೊಂಡರು. ಅರ್ಥಮಾಡಿಕೊಂಡ ಮೇಲೂ ಆ ಚಿತ್ರ ನೋಡಲು ಕಷ್ಟ.

ಆದರೆ ಈ ಸಲುಗೆಯೊಳಗಿಂದಲೇ ಮುಂದಿನದ್ದು ಹುಟ್ಟಿತು. ಫ್ರಾಂಕೋನ ಆಡಳಿತ ಕತಲಾನ್ ಭಾಷೆಯನ್ನು ಶಾಲೆಯಿಂದ, ಕಚೇರಿಯಿಂದ, ಪತ್ರಿಕೆಯಿಂದ ಹೊರಗಟ್ಟಿತ್ತು. ನಾಡಿನ ಗೀತೆಗೆ ನಿಷೇಧವಿತ್ತು. ಆದರೆ ಚರ್ಚಿನ ಹಾಡಿಗೆ ಹೇಗೆ ನಿಷೇಧ ಹೇರುವುದು? ಮಠದ ಹುಡುಗರು ಮಧ್ಯಾಹ್ನ ಹಾಡುವ ‘ವಿರೊಲಾಯಿ’ಯನ್ನು ಕವಿ ಜಸಿಂತ್ ವೆರ್ದಾಗೆರ್ 1880ರಲ್ಲಿ ಕತಲಾನಿನಲ್ಲಿ ಬರೆದದ್ದು. ನಾಡಗೀತೆ ಹಾಡಲಾಗದ ವರ್ಷಗಳಲ್ಲಿ ಜನ ಅದನ್ನೇ ನಾಡಗೀತೆಯಂತೆ ಹಾಡಿದರು. 1947ರ ಏಪ್ರಿಲ್ 27ರಂದು ಕಪ್ಪು ಮಾತೆಗೆ ಹೊಸ ಪೀಠ ಮಾಡಿಸಿದ ಉತ್ಸವಕ್ಕೆ ಹತ್ತಾರು ಸಾವಿರ ಜನ ಬೆಟ್ಟ ಹತ್ತಿದರು. ಯುದ್ಧದ ನಂತರ ಅಷ್ಟು ದೊಡ್ಡ ಜನಸಮೂಹದ ನಡುವೆ ಕತಲಾನ್ ಬಹಿರಂಗವಾಗಿ ಕೇಳಿಸಿದ್ದು ಅಲ್ಲೇ. ಯಾರೋ ಸಾಹಸಿಗಳು ಕಡಿದಾದ ಬಂಡೆಯೊಂದಕ್ಕೆ ಕತಲೂನ್ಯಾದ ಬಾವುಟವನ್ನೂ ಕಟ್ಟಿದ್ದರು.

1959ರಲ್ಲಿ ಮಠದಿಂದ ‘ಸೆರ್ರಾ ದೋರ್’ ಎಂಬ ಮಾಸಪತ್ರಿಕೆ ಬಂತು. ಚಿನ್ನದ ಗರಗಸ ಎಂದು ಅರ್ಥ. ವೆರ್ದಾಗೆರನ ಹಾಡಿನಲ್ಲಿ ದೇವದೂತರು ಈ ಬೆಟ್ಟವನ್ನು ಕೊಯ್ದದ್ದು ಅದರಿಂದ. ಚರ್ಚಿನ ಪ್ರಕಟಣೆ ಎಂಬ ಕಾರಣಕ್ಕೆ ಅದು ಸರಕಾರದ ಸೆನ್ಸಾರ್ ಕೈಯಿಂದ ಒಂದಿಷ್ಟು ತಪ್ಪಿಸಿಕೊಂಡಿತು. ಹೆಸರಿಗೆ ಮಠದ ಪತ್ರಿಕೆ. ಒಳಗೆ ಕಾದಂಬರಿ ವಿಮರ್ಶೆ, ರಂಗಭೂಮಿ, ಅರ್ಥಶಾಸ್ತ್ರ, ಸಂದರ್ಶನ. ಮೊನ್ಸೆರಾತ್ ರೋಯಿಗ್ ಹಿರಿಯ ಲೇಖಕರನ್ನು ಮಾತನಾಡಿಸಿ ಬರೆದದ್ದೂ ಇದರಲ್ಲೇ. ಒಂದು ಭಾಷೆಯ ಗದ್ಯ ತನ್ನ ಕಾಲದ ಬಗ್ಗೆ ಯೋಚಿಸುವುದನ್ನು ಮರೆಯದಂತೆ ನೋಡಿಕೊಳ್ಳುವುದೆಂದರೆ ಇದೇ. ಪ್ರಾರ್ಥನೆಯಲ್ಲಿ, ಪದ್ಯದಲ್ಲಿ, ಮನೆಮಾತಿನಲ್ಲಿ ಭಾಷೆ ಹೇಗೋ ಉಳಿದುಕೊಳ್ಳುತ್ತದೆ. ಮೊದಲು ಸಾಯುವುದು ವಿಮರ್ಶೆಯ, ವಾದದ, ವರದಿಯ ಗದ್ಯ.

ರೈಲಿಗೆ ಕಾಯುತ್ತಿದ್ದಾಗ ಮಾರ್ಗದರ್ಶಿಗೆ ಈ ಪತ್ರಿಕೆಯ ಬಗ್ಗೆ ಕೇಳಿದೆ. ಅಲ್ಲಿಯವರೆಗೆ ಬಾಯಿಪಾಠ ಒಪ್ಪಿಸುತ್ತಿದ್ದವಳು ಒಂದು ಗಳಿಗೆ ಸುಮ್ಮನಾದಳು. ಆಮೇಲೆ ತನ್ನ ಅಜ್ಜಿಯ ವಿಷಯ ಹೇಳಿದಳು. ಅಜ್ಜಿ ಬದುಕಿಡೀ ಮಾತನಾಡಿದ್ದು ಕತಲಾನ್. ಆದರೆ ಗಂಡನಿಗೆ ಬರೆದ ಕಾಗದಗಳೆಲ್ಲ ಸ್ಪ್ಯಾನಿಷ್‌ನಲ್ಲಿ. ಶಾಲೆಯಲ್ಲಿ ಕಲಿಸಿದ್ದು ಅದನ್ನು ಮಾತ್ರ. ತನ್ನ ನುಡಿಯ ಕಾಗುಣಿತ ಆಕೆಗೆ ಗೊತ್ತಿರಲಿಲ್ಲ. ಸಿಟ್ಟು ಬಂದಾಗ ಮಾತ್ರ ನಡುನಡುವೆ ಕತಲಾನ್ ಪದಗಳು ತಪ್ಪು ಕಾಗುಣಿತದಲ್ಲಿ ನುಗ್ಗುತ್ತಿದ್ದವಂತೆ. ಇದನ್ನೂ ಎಲ್ಲರಿಗೂ ಹೇಳಬಹುದಲ್ಲ ಎಂದೆ. ಪವಿತ್ರ ಬಟ್ಟಲು ಎಲ್ಲರಿಗೂ ಗೊತ್ತು, ಅಜ್ಜಿಯನ್ನು ವಿವರಿಸಲು ಅರ್ಧ ದಿನ ಸಾಲದು ಎಂದು ನಕ್ಕಳು.

ಮೇಲ್ಕಟ್ಟು ಹಿಡಿಸಿದ ಮಠವೇ ಬದಲಾಯಿತು. ಒಂದು ಕಾಲಕ್ಕೆ ಫ್ರಾಂಕೋನೊಂದಿಗೆ ಸರಿಯಾಗಿಯೇ ಇದ್ದ ಮಠಾಧಿಪತಿ ಔರೆಲಿ ಎಸ್ಕಾರೆ 1963ರ ನವೆಂಬರಿನಲ್ಲಿ ಫ್ರೆಂಚ್ ಪತ್ರಿಕೆ ‘ಲ ಮೋಂದ್’ಗೆ ಸಂದರ್ಶನ ಕೊಟ್ಟರು. ಕ್ರೈಸ್ತ ಎಂದು ಕರೆದುಕೊಳ್ಳುವ ಈ ಆಡಳಿತ ಕ್ರೈಸ್ತಧರ್ಮದ ಮೂಲತತ್ವಗಳನ್ನೇ ಪಾಲಿಸುತ್ತಿಲ್ಲ ಎಂಬುದು ಅವರ ಮಾತಿನ ತಿರುಳು. 1965ರಲ್ಲಿ ಅವರು ಇಟಲಿಗೆ ಹೊರಡಬೇಕಾಯಿತು. ಮರಳಿದ್ದು 1968ರಲ್ಲಿ, ಸಾಯುವುದಕ್ಕೆ.

1970ರ ಡಿಸೆಂಬರಿನಲ್ಲಿ ಬುರ್ಗೋಸ್ ನಗರದ ಸೇನಾ ನ್ಯಾಯಾಲಯ ಬಾಸ್ಕ್ ಹೋರಾಟಗಾರರ ವಿಚಾರಣೆ ನಡೆಸುತ್ತಿತ್ತು. ಮರಣದಂಡನೆ ಖಚಿತ ಎಂದು ಎಲ್ಲರಿಗೂ ಗೊತ್ತಿತ್ತು. 12ರಂದು ಸುಮಾರು 300 ಮಂದಿ ಲೇಖಕರು, ಕಲಾವಿದರು, ಗಾಯಕರು ಮೊನ್ಸೆರಾತ್ ಮಠದೊಳಗೆ ಹೋಗಿ ಕೂತರು. ಚಿತ್ರಕಾರರಾದ ಮಿರೋ, ತಾಪಿಯೆಸ್ ಇದ್ದರು. ಆಗ ಬಾರ್ಸಿಲೋನಾದಲ್ಲಿದ್ದ ಪೆರುವಿನ ವರ್ಗಾಸ್ ಯೋಸಾ ಇದ್ದರು. 24 ವರ್ಷದ ರೋಯಿಗ್ ಇದ್ದಳು. ಹೊರಗೆ ಪೊಲೀಸರು ಸುತ್ತುವರಿದರು. 14ರವರೆಗೆ ಮಠ ಅವರನ್ನು ಇರಿಸಿಕೊಂಡಿತು. ಹೊರಬಂದವರಿಗೆ ದಂಡ, ಪಾಸ್‌ಪೋರ್ಟ್ ಜಪ್ತಿ. ಬುರ್ಗೋಸ್‌ನಲ್ಲಿ ಆರು ಜನರಿಗೆ ವಿಧಿಸಿದ್ದ ಮರಣದಂಡನೆಯನ್ನು ಫ್ರಾಂಕೋ ಡಿಸೆಂಬರ್ 30ರಂದು ಜೈಲುಶಿಕ್ಷೆಗೆ ಇಳಿಸಿದ. ಜಗತ್ತಿನ ನಾನಾ ಕಡೆಯಿಂದ ಒತ್ತಡವಿತ್ತು. ಬೆಟ್ಟದ ಮೇಲೆ ಕೂತದ್ದು ಅದರಲ್ಲೊಂದು.

ಇದನ್ನೆಲ್ಲ ಬರೆಯುವಾಗ ಮಠದ ಗೋಡೆಗಳನ್ನು ಹೊಗಳುವ ಉಮೇದು ಬರುತ್ತದೆ. ಆದರೆ 2019ರಲ್ಲಿ ಮಠವೇ ನೇಮಿಸಿದ ಆಯೋಗ, ಅಲ್ಲಿನ ಸಂನ್ಯಾಸಿಯೊಬ್ಬ ದಶಕಗಳ ಕಾಲ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನೆಂದು ವರದಿ ಕೊಟ್ಟಿತು. ಪೊಲೀಸರನ್ನು ಹೊರಗಿಟ್ಟ ಗೋಡೆಗಳು ಇದನ್ನು ಒಳಗಿಟ್ಟಿದ್ದವು.

ಒಂದು ಪುಸ್ತಕದ ವಿಷಯ ಬಾಕಿ ಇದೆ. ಮಠ ಆಸ್ಪತ್ರೆಯಾಗಿದ್ದ ವರ್ಷಗಳಲ್ಲಿ ಕವಿ ಮಾನುವೆಲ್ ಅಲ್ತೊಲಾಗಿರ್ರೆ ಗಣರಾಜ್ಯದ ಸೈನಿಕನಾಗಿ, ಮುದ್ರಕನೂ ಆಗಿ, ಅಲ್ಲಿನ ಯಂತ್ರದಲ್ಲಿ ಪದ್ಯಗಳನ್ನು ಅಚ್ಚುಮಾಡುತ್ತಿದ್ದ. 1938ರ ನವೆಂಬರಿನಲ್ಲಿ ನೆರೂದನ ಸ್ಪೇನ್ ಕವಿತೆಗಳ 500 ಪ್ರತಿ ಹೊರಬಂದವು. ಕಾಗದಕ್ಕೆ ಸೈನಿಕರು ಬಾವುಟ, ಸಮವಸ್ತ್ರಗಳನ್ನೂ ಅರೆದರೆಂದು ನೆರೂದ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಕವಿ ಹೇಳಿದ್ದಕ್ಕೆ ಸ್ವಲ್ಪ ರಿಯಾಯಿತಿ ಕೊಟ್ಟೇ ಓದಬೇಕು. 1939ರ ಜನವರಿಯಲ್ಲಿ ಪೆರುವಿನ ಸೆಸಾರ್ ವಯೆಹೋನ ಕೊನೆಯ ಸಂಕಲನವೂ ಅಚ್ಚಾಯಿತು. ವಯೆಹೋ ಅದನ್ನು ನೋಡಲಿಲ್ಲ. 1938ರ ಏಪ್ರಿಲಿನಲ್ಲೇ ಪ್ಯಾರಿಸ್ಸಿನಲ್ಲಿ ತೀರಿಕೊಂಡಿದ್ದ. ಪ್ರತಿಗಳು ಹಂಚಿಕೆಯಾಗುವ ಮೊದಲೇ ಫ್ರಾಂಕೋನ ಸೈನ್ಯ ಬಂತು. ಆ ಮುದ್ರಣವೇ ನಾಶವಾಯಿತೆಂದು ನಾಲ್ಕು ದಶಕ ಎಲ್ಲರೂ ನಂಬಿದ್ದರು. 1980ರ ದಶಕದ ಆರಂಭದಲ್ಲಿ ಇಬ್ಬರು ಸಂಶೋಧಕರು ಹುಡುಕುತ್ತ ಬಂದಾಗ ಅದರ ಕೆಲವು ಪ್ರತಿಗಳು ಸಿಕ್ಕವು, ಮೊನ್ಸೆರಾತ್ ಮಠದ ಗ್ರಂಥಾಲಯದಲ್ಲೇ. ತಮ್ಮ 23 ಮಂದಿಯನ್ನು ಕಳೆದುಕೊಂಡು ಮರಳಿದ ಸಂನ್ಯಾಸಿಗಳು, ಎದುರು ಪಕ್ಷದ ಸೈನಿಕರು ಬಿಟ್ಟುಹೋದ ಆ ಪುಸ್ತಕವನ್ನು ಸುಟ್ಟಿರಲಿಲ್ಲ.