ನಂದಂಬಾಕ್ಕಂ ಸ್ಮಶಾನ ಮತ್ತು ನಮ್ಮನೆಯ ಒಂದು ಎಡೆ

ಚೆನ್ನೈಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಗಿಂಡಿ ಕಡೆಯಿಂದ ಪೂನಮಲ್ಲಿಗೆ ಹೋಗುವ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ನಂದಂಬಾಕ್ಕಂನ ಟ್ರೇಡ್ ಸೆಂಟರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಎಕ್ಸಿಬಿಷನ್‌ನಲ್ಲಿ ದುಡ್ಡು ಕಳೆದುಕೊಂಡು ಬಂದದ್ದೂ ಉಂಟು. ಆದರೆ ಅದೇ ರಸ್ತೆಯಲ್ಲಿರುವ ಮದ್ರಾಸ್ ವಾರ್ ಸೆಮೆಟ್ರಿಯೊಳಗೆ ಕಾಲಿಟ್ಟದ್ದು ಮಾತ್ರ ಮೊನ್ನೆ ಭಾನುವಾರ. ತಂಗಿಯ ಮಗನನ್ನು ಏರ್‌ಪೋರ್ಟಿಗೆ ಬಿಟ್ಟು ವಾಪಸ್ ಬರುತ್ತಿದ್ದೆ. ಮನೆಗೆ ಹೋಗುವ ಅವಸರವಿರಲಿಲ್ಲ. ಗೇಟು ತೆರೆದಿತ್ತು, ಒಳಗೆ ಹೋದೆ.

ಹೊರಗೆ ಬಸ್ಸು, ಲಾರಿ, ಆಟೋಗಳ ಹಾರನ್ನು. ಒಳಗೆ ನೀಟಾಗಿ ಕತ್ತರಿಸಿದ ಹುಲ್ಲು, ಹೂಗಿಡ, ಸಾಲು ಸಾಲು ಕಲ್ಲುಗಳು. ನಮ್ಮಂಥವರಿಗೆ ಸ್ಮಶಾನವೆಂದರೆ ಸ್ನಾನ ಮಾಡಿ ಒಳಗೆ ಬರಬೇಕಾದ ಜಾಗ. ಇದು ಪಾರ್ಕಿನ ಹಾಗಿದೆ. ಕಲ್ಲಿನ ಮೇಲೆ ಹೆಸರು, ನಂಬರು, ರೆಜಿಮೆಂಟು, ಸತ್ತ ದಿನ, ವಯಸ್ಸು. ವಯಸ್ಸು ಓದುತ್ತಾ ಹೋದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನನ್ನ ಮಗನಿಗಿಂತ ಚಿಕ್ಕವರು.

ಇದರ ಚರಿತ್ರೆ ಇಷ್ಟು. ಎರಡನೇ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಮತ್ತು ಪೂರ್ವ ಭಾರತದಲ್ಲಿ ತೀರಿಕೊಂಡ ಸೈನಿಕರನ್ನು ಆಯಾ ಊರಿನ ಸಿವಿಲ್ ಅಥವಾ ಕಂಟೋನ್ಮೆಂಟ್ ಸ್ಮಶಾನಗಳಲ್ಲಿ ಹೂಳಿದ್ದರು. ಅವನ್ನೆಲ್ಲ ಶಾಶ್ವತವಾಗಿ ನೋಡಿಕೊಳ್ಳುವುದು ಕಷ್ಟವೆಂದು 1952ರಲ್ಲಿ ಈ ಜಾಗ ಮಾಡಿ, ಇಲ್ಲಿಗೆ ತಂದರು. ಸುಮಾರು 850 ಸಮಾಧಿಗಳಿವೆ. ಹಿಂಭಾಗದಲ್ಲಿ ಮೊದಲನೇ ಮಹಾಯುದ್ಧದ ಸ್ಮಾರಕವಿದೆ. ದೇಶದ ಬೇರೆ ಬೇರೆ ಕಡೆ ಹೂಳಲ್ಪಟ್ಟು, ಸಮಾಧಿ ಕಾಯಲು ಸಾಧ್ಯವಾಗದ ಸಾವಿರಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿದೆ.

ಮದ್ರಾಸಿಗೂ ಯುದ್ಧಕ್ಕೂ ಏನು ಸಂಬಂಧ ಅಂತೀರಾ? 1914ರ ಸೆಪ್ಟೆಂಬರ್ 22ರ ರಾತ್ರಿ ಎಂಡೆನ್ ಎಂಬ ಜರ್ಮನ್ ಹಡಗು ಬಂದು ಈ ಊರಿನ ಮೇಲೆ ಗುಂಡು ಸುರಿದು, ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋಯಿತು. ಇವತ್ತಿಗೂ ತಮಿಳರು ಪಕ್ಕಾ ಕಿಲಾಡಿಯನ್ನು 'ಎಮ್ಡನ್' ಎನ್ನುತ್ತಾರೆ. ನನ್ನ ಹಳೆಯ ಮ್ಯಾನೇಜರರೊಬ್ಬರಿಗೆ ನಾವೆಲ್ಲ ಅದೇ ಹೆಸರಿಟ್ಟಿದ್ದೆವು! 1942ರ ಏಪ್ರಿಲ್‌ನಲ್ಲಿ ಜಪಾನೀಯರು ಬಂದೇಬಿಟ್ಟರು ಎಂಬ ಸುದ್ದಿಗೆ ಅರ್ಧ ಊರೇ ಖಾಲಿಯಾಗಿತ್ತು.

ಈ ಸಮಾಧಿಗಳನ್ನು ನೋಡಿಕೊಳ್ಳುವುದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್. 1917ರಲ್ಲಿ ಶುರುವಾದದ್ದು, ಆಗ ಹೆಸರು ಇಂಪೀರಿಯಲ್ ಕಮಿಷನ್. ಸತ್ತವರಲ್ಲಿ ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲ, ಎಲ್ಲರಿಗೂ ಒಂದೇ ಅಳತೆಯ ಕಲ್ಲು ಎಂಬುದು ಅವರ ನಿಯಮ. ಕಲ್ಲಿನ ಕೆಳಗೆ ಮನೆಯವರು ಒಂದು ಸಾಲು ಕೆತ್ತಿಸಬಹುದಿತ್ತು. ಮೊದಲನೇ ಯುದ್ಧದವರಿಗೆ 66 ಅಕ್ಷರದ ಮಿತಿ, ಅಕ್ಷರಕ್ಕೆ ಮೂರೂವರೆ ಪೆನ್ನಿ ಚಾರ್ಜು. ಆಮೇಲೆ ಕೊಟ್ಟರೆ ಕೊಡಿ ಅಂತ ಮಾಡಿದರು. ಬ್ಯಾಂಕಿನವನಾದ ನನಗೆ ಕೂಡಲೇ ಹೊಳೆದದ್ದು, ಯಾವ ತಾಯಿ ಅಕ್ಷರ ಎಣಿಸಿ ಎಣಿಸಿ ಎಷ್ಟು ಮಾತನ್ನು ಬಿಟ್ಟಳೋ ಎಂದು.

ಒಂದೇ ಅಳತೆ ಎಂದರು, ಆದರೆ ಲೆಡ್ಜರು ಬೇರೆ ಹೇಳುತ್ತದೆ. ಮೊದಲನೇ ಯುದ್ಧದಲ್ಲಿ ಭಾರತದಿಂದ ಹೊರದೇಶಕ್ಕೆ ಹೋದವರು ಹತ್ತು ಲಕ್ಷಕ್ಕೂ ಮೇಲೆ, ಸತ್ತವರು 70 ಸಾವಿರಕ್ಕೂ ಮೇಲೆ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಬಿಳಿಯರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರು, ಮುಂದೆ ಇಷ್ಟು ಜನ ಎಂಬ ಸಂಖ್ಯೆ, ಅಷ್ಟೆ. 2021ರಲ್ಲಿ ಕಮಿಷನ್ನೇ ಒಂದು ವರದಿ ತಂದು ಇದನ್ನು ಒಪ್ಪಿಕೊಂಡಿತು. ಆ ಯುದ್ಧದಲ್ಲಿ ಸತ್ತ, ಹೆಚ್ಚಾಗಿ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರಾದ, ಕನಿಷ್ಠ 1,16,000 ಜನರ ಹೆಸರು ಎಲ್ಲೂ ಇಲ್ಲ. ಇನ್ನು 45,000ದಿಂದ 54,000 ಜನರನ್ನು, ಇವರಲ್ಲಿ ಭಾರತೀಯರೂ ಬಹಳ, ಸಮಾನವಾಗಿ ನೆನೆದಿಲ್ಲ. ಕಮಿಷನ್ ಕ್ಷಮೆ ಕೇಳಿತು, ಬ್ರಿಟಿಷ್ ಸರ್ಕಾರವೂ ಸಂಸತ್ತಿನಲ್ಲಿ ಕ್ಷಮೆ ಕೇಳಿತು. ನೂರು ವರ್ಷ ತಡವಾಗಿಯಾದರೂ ಪುಸ್ತಕ ತೆರೆದು ತಪ್ಪು ತೋರಿಸಿದರಲ್ಲ, ಅದಕ್ಕೆ ಮೆಚ್ಚುಗೆ ಇದೆ.

ನಾವೇನು ಕಡಿಮೆಯೇ? 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇದ್ದರು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಬೆಂಗಳೂರಿನವರೇ ಆದ ನನ್ನ ಭಾವಮೈದುನನಿಗೆ ಕೇಳಿದರೆ, ಯಾವ ಬಸ್ ಸ್ಟಾಪಿನ ಹತ್ತಿರ ಎಂದ.

ಇಷ್ಟೆಲ್ಲ ಹೇಳಿದ್ದು ನಮ್ಮ ಮನೆಯ ವಿಷಯಕ್ಕೆ ಬರಲು. ನಮ್ಮದು ಮದ್ದೂರು ಕಡೆಯ ಹಳ್ಳಿ. ನಮ್ಮ ತಾತನ ತಮ್ಮ, ನಾವು ಚಿಕ್ಕತಾತ ಎನ್ನುವುದು, ಎರಡನೇ ಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಹೋಗಿ ಮಿಲಿಟರಿ ಸೇರಿದರು. ಬರ್ಮಾಕ್ಕೆ ಕಳಿಸಿದರು ಎಂಬುದೊಂದು ಗೊತ್ತು. ಆಮೇಲೆ ಇಂಗ್ಲಿಷಿನಲ್ಲಿ ಒಂದು ಕಾಗದ ಬಂತಂತೆ. ಓದಿ ಹೇಳಿದ ಪೋಸ್ಟ್‌ಮ್ಯಾನ್, ಕಾಣೆಯಾಗಿದ್ದಾರೆ ಎಂದನಂತೆ. ಮುತ್ತಜ್ಜಿ ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. "ಕಾಣೆಯಾದೋನು ಸತ್ತಂಗಲ್ಲ, ಬತ್ತಾನೆ" ಎನ್ನುತ್ತಿದ್ದಳಂತೆ. ತಿಂಗಳು ತಿಂಗಳು ಬರುತ್ತಿದ್ದ ಪಿಂಚಣಿಯ ಮನಿಯಾರ್ಡರನ್ನು ಮಗನ ಸಂಬಳ ಎಂದೇ ತಿಳಿದಿದ್ದಳು. ಯಾರೂ ಬಿಡಿಸಿ ಹೇಳಲಿಲ್ಲ. ಮಹಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆಲ್ಲ ಎಡೆ ಇಡುವಾಗ ಚಿಕ್ಕತಾತನಿಗೆ ಮಾತ್ರ ಇಡುವಂತಿಲ್ಲ. ಆಕೆ ಹೋದ ಮೇಲೂ ಅದೇ ರೂಢಿಯಾಯಿತು. ಅಮ್ಮ ಬಿಟ್ಟದ್ದನ್ನು ನಾನು ಇಡಲೇ ಎಂದು ತಾತ, ತಾತ ಇಡದ್ದನ್ನು ನಾನು ಇಡಲೇ ಎಂದು ಅಪ್ಪ.

ಮನೆಗೆ ಬಂದು ಕಮಿಷನ್ನಿನ ವೆಬ್‌ಸೈಟಿನಲ್ಲಿ ರಾತ್ರಿ ಒಂದರ ತನಕ ಹುಡುಕಿದೆ. ಬರ್ಮಾದ ತೌಕ್ಯಾನ್‌ನಲ್ಲಿ ರಂಗೂನ್ ಸ್ಮಾರಕವಿದೆ, ಸಮಾಧಿ ಗೊತ್ತಿಲ್ಲದ ಸುಮಾರು 27,000 ಜನರ ಹೆಸರು ಅಲ್ಲಿದೆ. ಚಿಕ್ಕತಾತನ ಹೆಸರು ನಮ್ಮ ಕಡೆ ಮನೆಗೊಬ್ಬರಿಗೆ ಇರುವಂಥದ್ದು. ಇಂಗ್ಲಿಷಿನಲ್ಲಿ ಯಾರು ಹೇಗೆ ಬರೆದುಕೊಂಡರೋ. ಅಂಥ ಹೆಸರುಗಳು ಹಲವು ಸಿಕ್ಕವು. ಕೆಲವಕ್ಕೆ ತಂದೆಯ ಹೆಸರು, ಊರು ಇದೆ. ಕೆಲವಕ್ಕೆ ಬರೀ ನಂಬರು. ನಮ್ಮವರದ್ದು ಯಾವುದು? ತೀರಿಕೊಂಡ ಖಾತೆದಾರರ ಕ್ಲೇಮುಗಳನ್ನು ಎಷ್ಟೋ ಪಾಸು ಮಾಡಿದ್ದೇನೆ. ತಂದೆ ಹೆಸರು, ಊರು ತಾಳೆಯಾಗದಿದ್ದರೆ ಫೈಲು ವಾಪಸ್. ನನ್ನದೇ ಮನೆಯ ಫೈಲು ನನ್ನ ಮುಂದೆಯೇ ನಿಂತುಬಿಟ್ಟಿತು.

ನಿಜ ಹೇಳಬೇಕೆಂದರೆ ಆ ರಾತ್ರಿ ನನಗೆ ಬಿಳಿಯರ ಮೇಲೆ ಬಂದ ಸಿಟ್ಟಿಗಿಂತ ನಮ್ಮ ಮೇಲೆಯೇ ಬಂದದ್ದು ಹೆಚ್ಚು. ಮುತ್ತಜ್ಜಿ ಕಾದಳು, ಸರಿ. ನಾವು ಕಾಯಲೂ ಇಲ್ಲ, ಕಳಿಸಿಕೊಡಲೂ ಇಲ್ಲ. ಆ ಕಾಗದವನ್ನಾದರೂ ಜೋಪಾನ ಮಾಡಿದ್ದರೆ ಅದರಲ್ಲಿ ನಂಬರು ಇರುತ್ತಿತ್ತು. ಹಳೇ ಮನೆ ಕೆಡವುವಾಗ ಟ್ರಂಕಿನ ಜೊತೆ ಅದೂ ಹೋಯಿತು.

ಬೆಳಿಗ್ಗೆ ಊರಿಗೆ ಫೋನ್ ಮಾಡಿದೆ. ಹಬ್ಬ ಮಾಡುವವನು ನಮ್ಮಣ್ಣ. "ಅಣ್ಣ, ಈ ಸಲ ಚಿಕ್ಕತಾತನಿಗೂ ಒಂದು ಎಡೆ ಇಡೋಣ" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಮುತ್ತಜ್ಜಿ ಮಾತು ಮೀರೋದು ಹೆಂಗ್ಲಾ?" ಎಂದ. ಎಂಬತ್ತು ವರ್ಷವಾಯಿತು, ಬದುಕಿದ್ದರೆ ನೂರು ದಾಟಿರುತ್ತಿತ್ತು ಎಂದು ಲೆಕ್ಕ ಹೇಳಿದೆ. ಮತ್ತೆ ಸುಮ್ಮನಾದ.

ಆಮೇಲೆ ಅವನೇ ಹೇಳಿದ. "ಸರಿ ಬಾ. ಅವರಮ್ಮನ ಎಡೆ ಪಕ್ಕದಲ್ಲೇ ಇಡೋಣ. ಬಂದ ಅನ್ಕೊಳ್ಳಲಿ."

ಅಮಾವಾಸ್ಯೆಗೆ ರಜೆ ಹಾಕಿದ್ದೇನೆ. ಚೆನ್ನೈನಲ್ಲಿರುವ ನಮ್ಮವರು ಯಾರಾದರೂ ಆ ರಸ್ತೆಯಲ್ಲಿ ಹೋಗುವಾಗ ಹತ್ತು ನಿಮಿಷ ಬಿಡುವಾದರೆ ಒಳಗೆ ಹೋಗಿಬನ್ನಿ. ಮನೆಯಲ್ಲಿ ಹಳೆಯ ಮಿಲಿಟರಿ ಕಾಗದವೇನಾದರೂ ಇದ್ದರೆ ಎಸೆಯಬೇಡಿ.